ಫ್ರೀಜರಿಗೆ ಸಿಕ್ಕ ರಜೆ

ಕೊಳ್ಳೇಗಾಲದ ರಂಗರಾಜು ಅವರ ಸಮರವೆಲ್ಲ ಕರೆಂಟಿನ ಜೊತೆ. ಊರಾಚೆಯ ಖಾಸಗಿ ಕಾಲೇಜೊಂದರ ಪ್ರಯೋಗಾಲಯದಲ್ಲಿ ಅವರು ಅಟೆಂಡರ್. ಕರೆಂಟು ಹೋದದ್ದೇ ತಡ, ಬಾಯೊಳಗಿನ ಮುದ್ದೆಯನ್ನು ನುಂಗುವುದಕ್ಕೂ ನಿಲ್ಲದೆ ಜನರೇಟರಿನತ್ತ ಧಾವಿಸುತ್ತಿದ್ದರು. ಅದು ಗುಡುಗಿದ ಮೇಲೆಯೇ ನುಂಗುವುದು. ಆಗ ಅವರ ಎದೆ ಉಬ್ಬುತ್ತಿದ್ದ ರಭಸಕ್ಕೆ ಖಾಕಿ ಅಂಗಿಯ ಗುಂಡಿ ಮತ್ತೆ ಮತ್ತೆ ಕಿತ್ತುಬರುತ್ತಿತ್ತು. ಹೆಂಡತಿ ಶಿವರತ್ನಮ್ಮ ಬೈಯುತ್ತ ಹೊಲಿದುಕೊಡುತ್ತಿದ್ದರು.

ಈ ಶೌರ್ಯವೆಲ್ಲ ಒಂದು ಫ್ರೀಜರಿನ ರಕ್ಷಣೆಗಾಗಿ. ಅದರೊಳಗೆ ಮಾಂಬಳ್ಳಿಯ ಮೇಘನಾಳ ಪಿಎಚ್‌ಡಿ ಹೆಪ್ಪುಗಟ್ಟಿ ಕುಳಿತಿತ್ತು. ಪುಟ್ಟ ಸೀಸೆ, ತಳದಲ್ಲಿ ಒಂದೆರಡು ಹನಿ ದ್ರವ, ಅಷ್ಟೇ. ಮೊಲದ ರಕ್ತದಿಂದ ತೆಗೆದ ಪ್ರತಿಕಾಯವಂತೆ. ಮಿದುಳಿನ ಕೋಶಗಳು ಅತಿಯಾಗಿ ಗದ್ದಲವೆಬ್ಬಿಸಿದಾಗ ‘ಸಾಕು, ತಣ್ಣಗಿರು’ ಎಂಬ ಸಂದೇಶವನ್ನು ಬರಮಾಡಿಕೊಳ್ಳುವ ಗ್ರಾಹಕಗಳಿರುತ್ತವೆ. ಈ ಪ್ರತಿಕಾಯ ಇಲಿಯ ಮಿದುಳಿನ ತೆಳು ಹೋಳಿನಲ್ಲಿ ಅವುಗಳನ್ನೇ ಹುಡುಕಿ ಅಂಟಿಕೊಳ್ಳುತ್ತದೆ. ಆಮೇಲೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವಿದ್ದಲ್ಲೆಲ್ಲ ಹಸಿರು ಚುಕ್ಕೆ ಹೊಳೆಯಬೇಕು. ಇದೆಲ್ಲ ನಡೆಯಬೇಕಾದರೆ ಸೀಸೆ ಸದಾ ಹೆಪ್ಪುಗಟ್ಟಿರಬೇಕು.

ಇಷ್ಟನ್ನೂ ಮೇಘನಾ ಹೇಳಿದ್ದಳು. ರಂಗರಾಜು ತಲೆಯನ್ನೂ ಆಡಿಸಿದ್ದರು.

ಆಮೇಲೆ ಆಯುಧಪೂಜೆ ಬಂತು. ರಂಗರಾಜು ರೇಷ್ಮೆ ನೇಯುವ ಮನೆಯವರು. ಆ ದಿನ ಅವರ ಮನೆಯಲ್ಲಿ ಮಗ್ಗ ಸದ್ದು ಮಾಡುವಂತಿಲ್ಲ. ದುಡಿದ ಸಲಕರಣೆಯನ್ನು ಒರೆಸಿ, ಕುಂಕುಮವಿಟ್ಟು, ಸುಮ್ಮನೆ ಬಿಡಬೇಕು. ಹಬ್ಬಕ್ಕೆ ಮೇಘನಾ ಊರಿಗೆ ಹೋಗಿದ್ದಳು. ಪ್ರಯೋಗಾಲಯದ ಏಕಮಾತ್ರ ಅಧಿಪತಿಯಾಗಿ ಉಳಿದ ರಂಗರಾಜು ಸೂಕ್ಷ್ಮದರ್ಶಕಕ್ಕೆ ವಿಭೂತಿ ಬಳಿದರು, ತಕ್ಕಡಿಗೆ ಚೆಂಡುಹೂವು ಮುಡಿಸಿದರು. ಕೊನೆಗೆ ಫ್ರೀಜರಿನ ಮುಂದೆ ನಿಂತಾಗ ಅವರ ಕರುಳು ಚುರ್ರೆಂದಿತು.

“ವರ್ಸೊಂಬತ್ ಕಾಲ ಗುಂಯ್ ಅಂತ ದುಡೀತೀಯ ಕಣವ್ವ. ಇವತ್ತೊಂದಿನ ಸುಮ್ಕಿರು” ಎಂದು ಸ್ವಿಚ್ಚು ಆರಿಸಿದರು. ಜಗತ್ತಿನ ಯಾವ ಕರೆಂಟು ಕಡಿತಕ್ಕೂ ಬಗ್ಗದಿದ್ದ ಕೋಟೆಯನ್ನು ಕೋಟೆಯ ಕಾವಲುಗಾರನೇ ಕರ್ಪೂರ ಬೆಳಗಿ ಕೆಡವಿದ.

ಹಬ್ಬದ ರಜೆಯನ್ನೆಲ್ಲ ಮುಗಿಸಿ ರಂಗರಾಜು ಬಂದಾಗ ನೆಲದ ತುಂಬ ನೀರು. ಸ್ವಿಚ್ಚು ಹಾಕಿ, ನೆಲ ಒರೆಸಿದರು, ಮರೆತರು.

ಮೇಘನಾ ಬಂದು ಹೋಳುಗಳಿಗೆ ಪ್ರತಿಕಾಯ ಹಚ್ಚಿದಳು. ಸೂಕ್ಷ್ಮದರ್ಶಕದಲ್ಲಿ ಕತ್ತಲೆ. ಹೊಸ ಹೋಳು ಕೊಯ್ದಳು, ದ್ರಾವಣ ಬದಲಿಸಿದಳು. ಮತ್ತೂ ಕತ್ತಲೆ. ಕೊನೆಗೆ ಸೀಸೆ ಕಳಿಸಿದ ಕಂಪನಿಗೆ ಫೋನು ಮಾಡಿದಳು. ಆ ಹೊತ್ತಿಗೆ ಸರಿಯಾಗಿ ರಂಗರಾಜು ಟೀ ಹಿಡಿದು ಒಳಗೆ ಬಂದರು.

“ಮಧ್ಯೆ ಎಲ್ಲಾದರೂ ಕರಗಿತ್ತಾ ಮೇಡಂ? ಕರಗಿದ್ರೆ ಕೆಡತ್ತೆ” ಎಂದಿತು ಸ್ಪೀಕರಿಗೆ ಹಾಕಿದ್ದ ಫೋನು.

“ಚಾನ್ಸೇ ಇಲ್ಲ ಸರ್. ನಮ್ ರಂಗರಾಜಣ್ಣ ಇರೋವರೆಗೂ ನಮ್ ಫ್ರೀಜರ್ ಒಂದು ನಿಮಿಷ ಆಫ್ ಆಗಲ್ಲ.”

“ಹಾಗಿದ್ರೆ ನೀವು ಮಾಡೋ ವಿಧಾನದಲ್ಲೇ ಏನೋ ತಪ್ಪಿದೆ, ನೋಡಿ.”

ನಮ್ಮ ಮಹಾವೀರರು ಟೀ ಇಟ್ಟು, ಹಿಮ್ಮುಖವಾಗಿಯೇ ನಡೆದು ಹೊರಬಿದ್ದರು.

ಮನೆಯಲ್ಲಿ ತಟ್ಟೆ ಮುಂದಿಟ್ಟ ಶಿವರತ್ನಮ್ಮ ಕಾದು ಕಾದು ಕೇಳಿದರು. “ಯಾಕ್ರೀ, ಉಣ್ಣಾಕಿಲ್ವಾ?”

“ಒಟ್ಟೆ ತುಂಬೋಗ್ಯದೆ.”

“ಏನ್ ತಿಂದ್ರಿ?”

“ಮಾನ.”

ವಿಷಯ ಕೇಳಿ ಶಿವರತ್ನಮ್ಮ ಸೆರಗು ಬಾಯಿಗಿಟ್ಟು ನಕ್ಕರು. “ಪೂಜೆ ಮಾಡುದ್ರೆ ಯಾರ್ ಜೈಲ್ಗಾಕಾರು? ಬಾಯ್ಮುಚ್ಕಂಡಿರಿ. ಯಾರ್ಗೂ ಗೊತ್ತಾಗಾಕಿಲ್ಲ.”

ಈ ಸಲಹೆಯನ್ನು ರಂಗರಾಜು ಶಿರಸಾವಹಿಸಿ ಪಾಲಿಸಿದರು. ಅಷ್ಟೇ ಅಲ್ಲ, ಟೀಗೆ ಸಕ್ಕರೆ ಹೆಚ್ಚಿಸಿದರು, ಜೊತೆಗೆ ಬೋಂಡ ತಂದರು. ಮೇಘನಾ ಕಣ್ಣು ಕೆಂಪಗೆ ಮಾಡಿಕೊಂಡು ಕೂತಷ್ಟೂ ಬೋಂಡದ ಗಾತ್ರ ದೊಡ್ಡದಾಯಿತು.

ಒಂದು ಸಂಜೆ ಅವಳೇ ಅಂದಳು. “ನಾಳೆ ಗೈಡ್ ಬರ್ತಾರೆ ರಂಗರಾಜಣ್ಣ. ಈ ಕೆಲ್ಸ ನನ್ ಕೈಲಾಗಲ್ಲ, ಬಿಟ್ಬಿಡ್ತೀನಿ ಅಂತ ಹೇಳೋಳಿದ್ದೀನಿ. ನನ್ ಕೈಯೇ ಸರಿ ಇಲ್ಲ.”

ರಂಗರಾಜು ದಿನವೂ ದಾರಿಯುದ್ದಕ್ಕೂ ಕಟ್ಟಿ, ಹೇಳದೆ ಇಟ್ಟುಕೊಂಡಿದ್ದ ಭಾಷಣವೊಂದಿತ್ತು. ಸಂಪ್ರದಾಯದಿಂದ ಶುರುವಾಗಿ ಯಂತ್ರಗಳ ಮೇಲಿನ ದಯೆಯವರೆಗೆ ಬರುವಂಥದ್ದು. ಬಾಯಿ ತೆರೆದರೆ ಒಂದೇ ಸಾಲು ಉಳಿದಿತ್ತು.

“ಮೇಡಮ್ಮೋರೆ, ಅದ್ನ ಆರ್ಸಿದ್ದು ನಾನು.”

“ಯಾವ್ದನ್ನ?”

“ಪಿರೀಜರ್ನ. ಆಯ್ದ ಪೂಜೆಲಿ. ರಜ ಮುಗಿಯಗಂಟ ಆರೇ ಇತ್ತು.”

ಮೇಘನಾ ಬೈಯಲಿಲ್ಲ. ಬೈದಿದ್ದರೆ ರಂಗರಾಜು ಅದನ್ನು ಪ್ರಸಾದದಂತೆ ಸ್ವೀಕರಿಸುತ್ತಿದ್ದರು. ಅವಳು ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ನೋಡಿಕೊಂಡಳು.

“ಕಂಪನಿಯೋರು ಕೇಳ್ದಾಗ ನೀವು ಇಲ್ಲೇ ಇದ್ರಲ್ಲ?”

“ಇದ್ದೆ.”

“ಆಮೇಲೂ ದಿನಾ ಟೀ ತಂದುಕೊಟ್ರಲ್ಲ.”

ಈ ಮಾತಿಗೆ ರಂಗರಾಜು ಅವರ ತಲೆ ಎಷ್ಟು ಕೆಳಗಿಳಿಯಿತೆಂದರೆ ಅಂಗಿಯ ಗುಂಡಿಗೆ ಗಲ್ಲ ತಾಗಿತು.

ಮರುದಿನ ಅವಳು ಗೈಡ್‌ಗೆ ನಡೆದದ್ದನ್ನು ಹೇಳಿ ಹೊಸ ಸೀಸೆ ತರಿಸಲು ಒಪ್ಪಿಸಿದಳು. ಅಟೆಂಡರನ ಹೆಸರೆತ್ತದೆ, ಹಬ್ಬದಲ್ಲಿ ಫ್ರೀಜರ್ ಆರಿತ್ತು ಎಂದಷ್ಟೇ ಹೇಳಿದಳು. ಆ ಉಪಕಾರ ರಂಗರಾಜು ಅವರನ್ನು ಇನ್ನಷ್ಟು ಸುಟ್ಟಿತು. ಸೀಸೆ ಬಸ್ ಸ್ಟ್ಯಾಂಡಿಗೆ ಬಂದ ದಿನ “ನಾ ಓಗ್ ತತ್ತೀನಿ” ಎಂದು ಹೊರಟವರಿಗೆ, “ಬೇಡ, ನಾನೇ ಹೋಗ್ತೀನಿ” ಎಂದಳು.

ಅವಳು ಹಿಂದಿರುಗುವಷ್ಟರಲ್ಲಿ ರಂಗರಾಜು ಪೇಟೆಯಿಂದ ಗಟ್ಟಿ ಬೀಗವೊಂದನ್ನು ತಂದು, ಫ್ರೀಜರಿನ ಪ್ಲಗ್ಗು, ಸ್ವಿಚ್ಚಿನ ಸುತ್ತ ಸಣ್ಣ ಪೆಟ್ಟಿಗೆ ಕೂರಿಸಿ ಜಡಿದಿದ್ದರು. ಎರಡೂ ಕೀಲಿಗಳನ್ನು ಅಂಗೈಯಲ್ಲಿಟ್ಟು ಚಾಚಿದರು.

“ಎಲ್ಡೂ ನಿಮ್ತಾವೇ ಇರ್ಲಿ.”

ಅವಳು ಎತ್ತಿಕೊಂಡ ಮೇಲೂ, ಒಂದನ್ನಾದರೂ ವಾಪಸು ಕೊಡುತ್ತಾಳೆಂದು ಕೈ ಚಾಚಿಯೇ ನಿಂತಿದ್ದರು. ಮೇಘನಾ ಎರಡನ್ನೂ ಬ್ಯಾಗಿಗೆ ಹಾಕಿಕೊಂಡು ಜಿಪ್ ಎಳೆದಳು.