ನಾನು ಕಟ್ಟಿಸಿದ ನಡುಗೋಡೆ

ಚಿಕ್ಕಮಾದಮ್ಮ ಈಗ ಚಾಮರಾಜನಗರದಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಾಳೆ. ಎಡಗಿವಿ ಕೇಳುವುದಿಲ್ಲ. ಅವಳ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಬೇಗೂರಿನಲ್ಲಿ ಹನ್ನೊಂದು ವರ್ಷ ಅವಳ ಪಕ್ಕದ ಮನೆಯಲ್ಲಿದ್ದವಳು ನಾನೇ.

ಮದುವೆಯಾಗಿ ಬಂದಾಗ ಅವಳಿಗೆ ಹದಿನೇಳು. ಹೊಲದಲ್ಲಿ ಈರುಳ್ಳಿ ಕೀಳಲು ನಿಂತರೆ ಉಳಿದ ಹೆಂಗಸರು ಒಂದು ಮಂಕರಿ ತುಂಬುವಷ್ಟರಲ್ಲಿ ಇವಳದು ಎರಡು ತುಂಬಿರುತ್ತಿತ್ತು. ಬಾಯಿಯೂ ಅಷ್ಟೇ ಚುರುಕು. ನಾನು ಅಂಗನವಾಡಿ ಟೀಚರು. ನಾನು ಮಕ್ಕಳಿಗೆ ಹಾಡು ಹೇಳಿಕೊಟ್ಟರೆ ಬೀದಿಯ ಎಮ್ಮೆಗಳೂ ಮಲಗಿಬಿಡುತ್ತವೆ ಎಂದು ಆಡಿಕೊಳ್ಳುತ್ತಿದ್ದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಅವಳ ಮೇಲೆ ಮಾತ್ರ ಅದು ನಿಲ್ಲುತ್ತಿರಲಿಲ್ಲ.

ಅವಳ ಗಂಡ ಶಂಕರ ಗುಂಡ್ಲುಪೇಟೆಯಲ್ಲಿ ಲಾರಿಗೆ ಮೂಟೆ ತುಂಬುವವನು. ೨೦೦೫ರ ಮಳೆಗಾಲದ ಕೊನೆಯಲ್ಲಿ ನಾಲ್ಕು ದಿನ ಬಿಡದೆ ಹುಯ್ದ ಮಳೆಗೆ ನಮ್ಮೆರಡು ಮನೆಗೂ ಸೇರಿದ ಮಣ್ಣಿನ ನಡುಗೋಡೆ ಕುಸಿದುಬಿತ್ತು. ಅವರ ಕಡೆ ಕಟ್ಟಿದ್ದ ಎರಡು ಆಡು ಅದರಡಿ ಸತ್ತವು. ಈರುಳ್ಳಿ ಹೊಲದಲ್ಲೇ ಕೊಳೆತು ಲಾರಿಗಳಿಗೆ ಲೋಡಿಲ್ಲದಂತಾಯಿತು. ಶಂಕರ ಮನೆಯಲ್ಲಿ ಕೂತ. ಮೊದಲ ಏಟು, ಆಡನ್ನು ಯಾಕೆ ಬಿಚ್ಚಲಿಲ್ಲ ಎಂದು. ಆಮೇಲೆ ಕಾರಣವೇ ಬೇಕಾಗಲಿಲ್ಲ. ಸೌದೆ ಹಸಿಯಾಗಿ ಹೊಗೆ ಬಂದರೂ ಏಟು, ಮುದ್ದೆ ತಡವಾದರೂ ಏಟು. ಮಳೆಗೆ ಮುಂಚೆ ಅವನು ದೇವರಂಥವನಾಗಿದ್ದ ಎನ್ನಲಾರೆ, ಆದರೆ ದಿನಾ ಹೊಡೆಯುತ್ತಿರಲಿಲ್ಲ.

ಗೋಡೆಯಿದ್ದ ಜಾಗದಲ್ಲಿ ನೀಲಿ ಟಾರ್ಪಾಲು ಇಳಿಬಿಟ್ಟಿದ್ದೆವು. ಆಚೆ ನಿಟ್ಟುಸಿರು ಬಿಟ್ಟರೂ ಈಚೆಗೆ ಕೇಳುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ನಿನಗ್ಯಾಕೆ ಎಂದರು ನಮ್ಮ ಯಜಮಾನರು. ಉಣ್ಣುವುದಕ್ಕೇ ಬಿಡದ ಜಗಳಕ್ಕೆ ಏನನ್ನುತ್ತೀರಿ ಎಂದು ರೇಗಿದೆ. ಮಾರನೆಯ ದಿನ ಏಟಿನ ಸದ್ದು ಕೇಳಿದ್ದೇ ತಡ, ಟಾರ್ಪಾಲು ಸರಿಸಿ, ಒಸಿ ಉಪ್ಪು ಕೊಡಮ್ಮಿ ಎಂದೆ. ಎತ್ತಿದ್ದ ಕೈಯನ್ನು ಶಂಕರ ಇಳಿಸಿದ. ಕಂಡವರೆದುರು ಹೊಡೆಯಲು ಅವನಿಗೆ ನಾಚಿಕೆ. ಅಂದಿನಿಂದ ಅದೇ ನನ್ನ ಉಪಾಯವಾಯಿತು. ದೀಪ ಹಚ್ಚಿದ ಮೇಲೆ ಉಪ್ಪು ಕೇಳಬಾರದು ಎಂಬ ಶಾಸ್ತ್ರವನ್ನೂ ಗಾಳಿಗೆ ತೂರಿದೆ. ನನ್ನ ಬಗ್ಗೆ ನನಗೇ ಹೆಮ್ಮೆ ಬಂದಿತ್ತು, ಸುಳ್ಳೇಕೆ ಹೇಳಲಿ.

ಸಂಕ್ರಾಂತಿ ಕಳೆದ ಮೇಲೆ ನನ್ನ ಮಗಳು ರಂಜಿನಿಯನ್ನು ನೋಡಲು ಚಾಮರಾಜನಗರದಿಂದ ಗಂಡಿನ ಕಡೆಯವರು ಬರುತ್ತೇವೆಂದು ಹೇಳಿಕಳಿಸಿದರು. ಹುಡುಗನಿಗೆ ಸರ್ಕಾರಿ ಕೆಲಸ. ಟಾರ್ಪಾಲು ಕಟ್ಟಿದ ಮನೆಯಿಂದ ಯಾರು ಹೆಣ್ಣು ತರುತ್ತಾರೆ? ಇಟ್ಟಿಗೆ ತರಿಸಿದೆ. ಅದನ್ನು ನೋಡಿ ಚಿಕ್ಕಮಾದಮ್ಮ ಹಿತ್ತಿಲಿಗೆ ಬಂದು ನಿಂತಳು.

“ಯಶೋದಕ್ಕ, ಗ್ವಾಡೆ ಕಟ್ಟಿಸ್ಬ್ಯಾಡಿ ಕಣಕ್ಕ,” ಎಂದಳು. “ಅವ್ನು ತಿರ್ಗಾ ಕೆಲ್ಸಕ್ಕೋಗಗಂಟ ಇಂಗೇ ಇರ್ಲಿ.”

ಹೆಣ್ಣು ನೋಡಲು ಬಂದವರಿಗೆ ನಿಮ್ಮ ರಾಮಾಯಣ ಕೇಳಿಸಬೇಕೇನಮ್ಮಿ, ನನ್ನ ಮಗಳ ಬದುಕನ್ನೂ ನಾನು ನೋಡಬೇಕಲ್ಲ ಎಂದುಬಿಟ್ಟೆ. ಅವಳು ತಲೆಯಾಡಿಸಿದಳು. ಮಾರನೆಯ ದಿನ ಗಾರೆಯವನಿಗೆ ಕೈಯಾಳು ಸಿಗಲಿಲ್ಲ, ಶಂಕರ ಅವಳನ್ನೇ ಕೂಲಿಗೆ ಕಳಿಸಿದ. ಆ ಗೋಡೆಯ ಒಂದೊಂದು ಇಟ್ಟಿಗೆಯನ್ನೂ ಎತ್ತಿಕೊಟ್ಟವಳು ಅವಳು. ನಾನು ಟೀ ಕಾಯಿಸಿ ಕೊಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು.

ಗಂಡಿನ ಕಡೆಯವರು ಭಾನುವಾರ ಮಧ್ಯಾಹ್ನ ಬಂದರು. ರಂಜಿನಿ ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದಳು. ಆಗ ಗೋಡೆಯಾಚೆ ಏನೋ ಧಡ್ಡೆಂದು ಬಿತ್ತು. ಇನ್ನೊಮ್ಮೆ ಬಿತ್ತು. ಆಮೇಲೆ “ಯಶೋದಕ್ಕಾ” ಎಂದು ಕೂಗಿದ್ದು, ಸಣ್ಣಗೆ, ಆದರೆ ನನ್ನ ಹೆಸರೇ. ಹುಡುಗನ ತಾಯಿ ಅದೇನು ಸದ್ದು ಎಂದು ಕೇಳಿದರು. ಮಳೆಗೆ ಬಿದ್ದ ಮನೆ, ರಿಪೇರಿ ನಡೀತಾ ಇದೆ ಎಂದೆ. ನಮ್ಮ ಯಜಮಾನರು ನೆಲ ನೋಡಿದರು. ನಾನು ಎದ್ದು ಹೋಗಿ ಎಲ್ಲರಿಗೂ ಇನ್ನಷ್ಟು ಕೇಸರಿಬಾತು ಬಡಿಸಿದೆ. ಎದ್ದವಳು ಇನ್ನು ಹತ್ತು ಹೆಜ್ಜೆ ಇಟ್ಟಿದ್ದರೆ ಅವಳ ಬಾಗಿಲು.

ಅವರನ್ನು ಬಸ್ಸಿಗೆ ಹತ್ತಿಸಿ ಬರುವ ಹೊತ್ತಿಗೆ ಬೀದಿಯವರು ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದ್ದರು. ಇಟ್ಟಿಗೆ ಗೋಡೆ, ಕೇಳಿಸಲೇ ಇಲ್ಲ ಎಂದು ಅಂದು ಬೀದಿಗೆಲ್ಲ ಹೇಳಿದೆ. ಪೊಲೀಸಿನವರು ಬಂದಾಗಲೂ ಅದನ್ನೇ ಹೇಳಿದೆ. ಹೊಡೆದದ್ದನ್ನು ಕಂಡೆ, ಕೇಳಿದೆ ಎನ್ನುವ ಬೇರೆ ಸಾಕ್ಷಿ ಇರಲಿಲ್ಲ. ಅವರು ಹಿಡಿದೊಯ್ದಿದ್ದ ಶಂಕರ ವಾರದೊಳಗೆ ಮನೆಗೆ ವಾಪಸು ಬಂದ.

ನಾಲ್ಕನೆಯ ದಿನ ಚಾಮರಾಜನಗರದ ಆಸ್ಪತ್ರೆಗೆ ಹೋದೆ. ತಲೆಗೆ ಬಟ್ಟೆ ಸುತ್ತಿದ್ದರು, ಮುಖ ಊದಿಕೊಂಡಿತ್ತು. ನನ್ನನ್ನು ಕಂಡವಳೇ ಮೊದಲು ಕೇಳಿದ್ದು ರಂಜಿನಿ ವಿಷಯ. ಒಪ್ಪಿದರು ಎಂದೆ. ಖುಷಿಪಟ್ಟಳು, ಮದುವೆಗೆ ತಾನೇ ಹೂ ಕಟ್ಟುತ್ತೇನೆ ಎಂದಳು. ನನಗೆ ಅಲ್ಲಿ ಕೂರಲಾಗಲಿಲ್ಲ, ಏಳಲೂ ಆಗಲಿಲ್ಲ.

“ಅವತ್ತು ಕೂಗ್ದೆ ಕಣಕ್ಕ,” ಎಂದಳು. “ನಿಮ್ಗೆ ಕೇಳ್ನಿಲ್ಲ ಅಲ್ವಾ?”

ನಿಜ ಹೇಳಲೆಂದೇ ಬಸ್ಸು ಹತ್ತಿ ಬಂದಿದ್ದೆ.

“ಇಲ್ಲ ಕಣಮ್ಮಿ,” ಎಂದೆ.

“ಅದೇ ಅಂದ್ಕಂಡೆ,” ಎಂದು ನನ್ನ ಕೈ ಹಿಡಿದುಕೊಂಡಳು. “ಕೇಳಿದ್ರೆ ನೀವು ಬಂದೇ ಬರ್ತಿದ್ರಿ.”