ಹವಾಯಿ ಗಿಟಾರಿನಲ್ಲಿ ಒಂದು ‘ರೀ’

ಮುಂಬಯಿಯ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ, ಮಧ್ಯಾಹ್ನದ ಊಟದ ಗದ್ದಲದ ನಡುವೆ, ನಾನು ತಟ್ಟೆಯ ಮುಂದಿನಿಂದ ಎದ್ದು ನಿಂತು ‘ಬಂದೆ’ ಎಂದುಬಿಟ್ಟೆ. ನನ್ನನ್ನು ಯಾರೂ ಕರೆದಿರಲಿಲ್ಲ. ಗಲ್ಲಾದ ಹಿಂದಿನ ರೇಡಿಯೋದಲ್ಲಿ ಯಾವುದೋ ವಾದ್ಯ ಒಂದು ಸ್ವರವನ್ನು ಕೆಳಗಿನಿಂದ ಮೇಲಕ್ಕೆ ಎಳೆದಿತ್ತು, ಅಷ್ಟೆ. ಎದುರಿಗೆ ಕೂತಿದ್ದ ಗುಜರಾತಿ ದಲಾಲ ಊಟ ನಿಲ್ಲಿಸಿ ನನ್ನನ್ನೇ ನೋಡಿದ. ಬಡಿಸುವವನು ನನಗೆ ಸಾರು ಬೇಕೆಂದುಕೊಂಡು ಒಂದು ಸೌಟು ಸುರಿದು ಮುಂದೆ ಹೋದ. ನಾನು ಕೂತೆ. ಸಾರು ತಟ್ಟೆಯ ಅಂಚಿಗೆ ಹರಿದು ಹೋಗುತ್ತಿದ್ದರೂ ಕಲಸಿಕೊಳ್ಳಲು ಕೈ ಬರಲಿಲ್ಲ.

ಇದು ಐವತ್ತರ ದಶಕದ ನಡುವಿನ ಮಾತು. ನನ್ನ ಹೆಂಡತಿ ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು. ಧಾರವಾಡದ ಬದಿಯ ಹಳ್ಳಿಯಿಂದ ಬಂದು ಪರೇಲಿನ ಚಾಳಿನ ಒಂದೇ ಖೋಲಿಯಲ್ಲಿ ಎರಡು ವರ್ಷ ನನ್ನ ಜೊತೆ ಸಂಸಾರ ಮಾಡಿದವಳು, ಟೈಫಾಯ್ಡಿನಲ್ಲಿ ಹದಿನೆಂಟು ದಿನ ಮಲಗಿ ಹೋಗಿಬಿಟ್ಟಳು. ನಾನು ಒಂದು ಹಡಗು ಕಂಪನಿಯಲ್ಲಿ ಗುಮಾಸ್ತ. ನಾಲ್ಕನೆಯ ವಾರ ಮತ್ತೆ ಕೋಟು ತೊಟ್ಟು ಆಫೀಸಿಗೆ ಹೋದೆ. ಗಟ್ಟಿ ಮನುಷ್ಯ ಎಂದು ಎಲ್ಲರೂ ಹೊಗಳಿದರು. ಆ ಹೊಗಳಿಕೆಯನ್ನು ನಾನು ನಂಬಿಯೂ ಇದ್ದೆ.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಎಲ್ಲಕ್ಕೂ ಒಂದೇ ಅಕ್ಷರ, ‘ರೀ’. ಉಪ್ಪು ಮುಗಿದರೂ ರೀ, ಊರಿನಿಂದ ಕಾಗದ ಬಂದರೂ ರೀ. ನಮ್ಮ ಚಾಳಿನ ಮೂರನೆಯ ಮಾಳಿಗೆಯಲ್ಲಿ ಕನ್ನಡದ ಮನೆಗಳು ಎರಡೇ. ಒಂದು ನಮ್ಮದು, ಗೋಡೆಯಾಚೆಯದು ಬಿಜಾಪುರದ ದಂಪತಿಗಳದು. ಆತ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ, ನನಗಿಂತ ಹತ್ತು ವರ್ಷ ದೊಡ್ಡವ. ಆತನ ಹೆಂಡತಿಯನ್ನು ನಾನು ವೈನಿ, ಎಂದರೆ ಅತ್ತಿಗೆ, ಅನ್ನುತ್ತಿದ್ದೆ. ಆ ಗೋಡೆಯೋ ಹೆಸರಿಗಷ್ಟೇ ಗೋಡೆ. ವೈನಿ ಗಂಡನನ್ನು ಕರೆದದ್ದು ನಮಗೂ ಕೇಳುತ್ತಿತ್ತು, ನನ್ನವಳು ಕರೆದದ್ದು ಅವರಿಗೂ. ಆದರೂ ನನ್ನ ‘ರೀ’ಯನ್ನು ನಾನು ನೂರರ ನಡುವೆ ಗುರುತಿಸಬಲ್ಲೆ ಎಂಬ ಜಂಬ ನನಗಿತ್ತು.

ಆ ಜಂಬ ಎಂಟು ತಿಂಗಳಲ್ಲಿ ಇಳಿಯಿತು. ಮುಖಕ್ಕೆ ಮದುವೆಯ ಫೋಟೋ ಇತ್ತು. ಧ್ವನಿಗೆ ಏನೂ ಇರಲಿಲ್ಲ. ಲೋಕಲ್ ರೈಲಿನಲ್ಲಿ ನಿಂತು ಕಣ್ಣು ಮುಚ್ಚಿ ಅವಳು ಕರೆದದ್ದನ್ನು ನೆನಪಿಸಿಕೊಳ್ಳಲು ನೋಡುತ್ತಿದ್ದೆ. ಅಕ್ಷರ ಬರುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಇದನ್ನು ಯಾರ ಮುಂದೆ ಹೇಳುವುದು? ಹೆಂಡತಿಯ ಧ್ವನಿ ಮರೆತಿದ್ದೇನೆ ಎಂದರೆ ಗಟ್ಟಿ ಮನುಷ್ಯನ ಮರ್ಯಾದೆ ಏನಾದೀತು? ನನಗೆ ನಾಚಿಕೆಯಾಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗುತ್ತಿತ್ತು. ಅಂಥ ದಿನಗಳಲ್ಲೇ ಆ ರೇಡಿಯೋ ‘ರೀ’ ಎಂದು ಕರೆದದ್ದು.

ಕೈ ತೊಳೆದು ಬಂದು ಹೋಟೆಲಿನ ಮ್ಯಾನೇಜರರನ್ನು ಅದು ಯಾವ ವಾದ್ಯ ಎಂದು ಕೇಳಿದೆ. ಹವಾಯಿ ಗಿಟಾರ್ ಎಂದರು. ಮುಂಬಯಿಯ ಹಿಂದಿಯಲ್ಲಿ ಹವಾ ಎಂದರೆ ಗಾಳಿ, ಹವಾಯಿ ಜಹಾಜ್ ಎಂದರೆ ವಿಮಾನ. ಹಾಗಾಗಿ ಇದು ಬಾಯಲ್ಲಿ ಊದುವ ಗಿಟಾರ್ ಇರಬೇಕೆಂದು ತಿಳಿದು, ನನಗೆ ಉಬ್ಬಸ ಇಲ್ಲವಲ್ಲ, ಊದಬಹುದು ಎಂದು ಲೆಕ್ಕ ಹಾಕಿದೆ. ಅದನ್ನು ಬಾರಿಸುವವರೊಬ್ಬರು ತಮ್ಮಲ್ಲಿಗೇ ಇಡ್ಲಿ ತಿನ್ನಲು ಬರುತ್ತಾರೆ, ಮಂಗಳೂರಿನ ಕಿರಿಸ್ತಾನರು, ಮನೆ ಬಾಂದ್ರಾದಲ್ಲಿ ಎಂದು ಮ್ಯಾನೇಜರು ಹೇಳಿದರು. ಮುಂದಿನ ಭಾನುವಾರ, ಇಗರ್ಜಿಯ ಪೂಜೆ ಮುಗಿಯುವ ಹೊತ್ತಿಗೆ, ಆ ಮನೆಯ ಮೆಟ್ಟಿಲ ಮೇಲೆ ನಿಂತಿದ್ದೆ.

ಊದುವ ಗಿಟಾರ್ ಕಲಿಯಬೇಕು ಎಂದದ್ದಕ್ಕೆ, ಮುಂದೆ ನನಗೆ ಮೇಷ್ಟ್ರಾದ ಅವರು ಕುರ್ಚಿ ಹಿಡಿದುಕೊಂಡು ನಕ್ಕರು. ಆಮೇಲೆ ಕೂರಿಸಿ, ಹವಾಯಿ ಎಂಬುದು ದೊಡ್ಡ ಸಮುದ್ರದ ನಡುವಿನ ದ್ವೀಪಗಳು, ಈ ಬಾರಿಸುವ ರೀತಿ ಅಲ್ಲಿಯದು ಎಂದು ತಿಳಿಸಿದರು. ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಬೇಕು. ತಂತಿ ಒತ್ತುವಂತಿಲ್ಲ. ಎಡಗೈಯಲ್ಲಿ ಬೆರಳುದ್ದದ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸಬೇಕು. ಅವರೂ ಇನ್ನು ಮೂವರೂ ಸೇರಿ ಫೋರ್ಟಿನ ಒಂದು ರೆಸ್ಟೋರೆಂಟಿನಲ್ಲಿ ಸಂಜೆಯ ಚಹಾದ ಹೊತ್ತಿಗೆ ನುಡಿಸುತ್ತಿದ್ದರು. ಪಾನನಿಷೇಧದ ಕಾಲ, ಜನ ಚಹಾ ಕುಡಿದೇ ನರ್ತಿಸಬೇಕಾಗಿತ್ತು. ನಾಲ್ವರೂ ಪರದೆಯ ಬಟ್ಟೆಯಲ್ಲಿ ಹೊಲಿಸಿದ ಹೂವಿನ ಅಂಗಿ ತೊಟ್ಟು, ಮೇಷ್ಟ್ರ ತಂಗಿ ಮಾಡಿಕೊಟ್ಟ ಕಾಗದದ ಹಾರ ಹಾಕಿಕೊಂಡು ದ್ವೀಪದವರಾಗುತ್ತಿದ್ದರು. ನಾಲ್ವರಲ್ಲಿ ಹವಾಯಿ ಕಂಡವನು ಒಬ್ಬನೇ, ಡ್ರಮ್ಮಿನ ಗೋವೆಯವನು. ಅವನೂ ಹಡಗಿನ ಅಡಿಗೆಮನೆಯಲ್ಲಿ ಬಟಾಟೆ ಸುಲಿಯುತ್ತಾ ಕಿಂಡಿಯಿಂದ ಒಂದು ಹಸಿರು ಗುಡ್ಡ ನೋಡಿದ್ದನಂತೆ. ತಂಡಕ್ಕೆಲ್ಲ ಆ ಗುಡ್ಡವೇ ಆಧಾರ.

ಆ ದ್ವೀಪದಿಂದ ಹೊರಟವರು ಹಡಗಿನಿಂದ ತಮ್ಮ ಕೊರಳ ಹಾರವನ್ನು ನೀರಿಗೆ ಎಸೆಯುತ್ತಾರೆ, ಹಾರ ದಡಕ್ಕೆ ಮರಳಿದರೆ ಹೋದವರೂ ಮರಳುತ್ತಾರೆ ಎಂದು ಒಮ್ಮೆ ಮೇಷ್ಟ್ರು ಹೇಳಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಾವೂ ನೀರಿಗೆ ಹೂ ಬಿಡುತ್ತೇವೆ, ಯಾರೂ ಬರುವುದಿಲ್ಲ ಎಂದೆ. ನನಗೆ ಬೇಕಾದದ್ದು ಹಾಡಲ್ಲ, ಒಂದು ಧ್ವನಿ ಎಂಬುದನ್ನು ಆ ದಿನವೇ ಅವರಿಗೆ ಹೇಳಿದೆ. ಈ ಸಲ ಅವರು ನಗಲಿಲ್ಲ. ಗಿಟಾರನ್ನು ನನ್ನ ತೊಡೆಯ ಮೇಲೆ ಸರಿಯಾಗಿ ಇಟ್ಟು, “ಸ್ವರದ ಮೇಲೆ ನಿಲ್ಲಬೇಡಿ ಮಾರಾಯ್ರೆ. ಸ್ವರಕ್ಕೆ ಹೋಗುವ ದಾರಿ ಉಂಟಲ್ಲ, ನಿಮ್ಮದು ಅಲ್ಲಿ ಇರ್ತದೆ,” ಎಂದರು.

ಹಳೆಯ ಗಿಟಾರೊಂದನ್ನು ಅವರೇ ಕೊಡಿಸಿದರು. ಆಫೀಸಿನಿಂದ ಬಂದವನು ಚಹಾ ಕುಡಿದು ಬಾಗಿಲು ಮುಂದೆ ಮಾಡಿಕೊಂಡು ಒಂದೇ ತಂತಿಯನ್ನು ಹಿಡಿದು ಕೂಡುತ್ತಿದ್ದೆ. ಎಲ್ಲಿಂದ ಹೊರಡಬೇಕು, ಎಷ್ಟು ಬೇಗ ಏರಬೇಕು, ಕೊನೆಯಲ್ಲಿ ಎಷ್ಟು ಬಾಗಬೇಕು, ಇಷ್ಟೇ ನನ್ನ ಸಂಗೀತ. ಹಾಲು ಕಾಣದ ಬೆಕ್ಕು ಅಳುತ್ತಿದೆ ಎಂದು ವೈನಿ ಚಾಳಿನವರಿಗೆಲ್ಲ ಹೇಳಿ ನಗಿಸಿದರು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ದಿನದಿನಕ್ಕೂ ಅವಳು ಹತ್ತಿರ ಬರುತ್ತಿದ್ದಳು. ಕೆಲವು ಸಂಜೆ ಒಲೆಯ ಕಡೆಯಿಂದಲೇ ಕರೆದಂತಾಗಿ ಉಕ್ಕಿನ ತುಂಡು ಕೈಯಿಂದ ಜಾರುತ್ತಿತ್ತು. ಒಲೆಯ ಮುಂದೆ ಯಾರೂ ಇಲ್ಲವೆಂದು ಗೊತ್ತಿದ್ದೂ ಎದ್ದು ಹೋಗಿ ನೋಡಿ ಬರುತ್ತಿದ್ದೆ.

ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ ಬೆಳಿಗ್ಗೆ ಅದು ಬಂತು. ಪೂರ್ತಿ ಬಂತು. ಕೆಳಗಿನಿಂದ ಎದ್ದು, ನಡುವೆ ತುಸು ತಡೆದು, ಮೇಲೆ ಹೋಗಿ ಕೊನೆಗೊಂದು ಸಣ್ಣ ಬಾಗು. ಇನ್ನೊಮ್ಮೆ ಎಳೆದೆ. ಗೋಡೆಯಾಚೆಯಿಂದ ಗಂಡು ಧ್ವನಿ “ಓ, ಬಂದೆ” ಎಂದಿತು.

ಬಿಜಾಪುರದಾತ ಅರ್ಧ ಗಡ್ಡ ಕೆರೆದುಕೊಂಡು, ಉಳಿದರ್ಧಕ್ಕೆ ಸೋಪಿನ ನೊರೆ ಮೆತ್ತಿಕೊಂಡು ಖೋಲಿಗಳ ಮುಂದಿನ ಗ್ಯಾಲರಿಗೆ ಬಂದು ಆಚೀಚೆ ನೋಡಿದ. ವೈನಿ ಕೆಳಗೆ ನಲ್ಲಿಯ ಸಾಲಿನಲ್ಲಿ ಕೊಡ ಹಿಡಿದು ನಿಂತಿದ್ದರು. ಆತನ ಕಣ್ಣು ನನ್ನ ತೆರೆದ ಬಾಗಿಲಿಗೆ, ತೊಡೆಯ ಮೇಲಿನ ಗಿಟಾರಿಗೆ ಬಿತ್ತು. “ನಮ್ಮಾಕಿನ್ನ ಇದರೊಳಗ ಯಾವಾಗ ತಂದು ಕೂಡಿಸಿದ್ಯೋ?” ಎಂದು ನಕ್ಕ. ನಾಲ್ಕು ಮನೆಯವರು ಕೂಡಿದರು. ಮತ್ತೆ ಬಾರಿಸು ಎಂದರು, ಬಾರಿಸಿದೆ. ಮರಾಠಿಯವರೂ ಸೇರಿ ಎಲ್ಲರೂ ಒಪ್ಪಿದರು, ಇದು ವೈನಿಯ ಧ್ವನಿಯೇ. ನಾನೂ ಅವರ ಜೊತೆ ನಕ್ಕು, ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅವಳು ಹೋದಂದಿನಿಂದ ವರ್ಷಕ್ಕೂ ಮೇಲೆ ಗೋಡೆಯಾಚೆಯಿಂದ ಕೇಳಿದ ‘ರೀ’ ನನ್ನವಳದನ್ನು ಒರೆಸಿ ಅಲ್ಲಿ ತಾನು ಕೂತಿತ್ತು. ಕಳೆದದ್ದನ್ನು ಹುಡುಕಲು ಹೋದವನು ಪರರದನ್ನು ಎತ್ತಿಕೊಂಡು ಬಂದಿದ್ದೆ, ಅದಕ್ಕಾಗಿ ಅತ್ತೂ ಇದ್ದೆ. ಇಷ್ಟು ದಿನ ಒಲೆಯ ಮುಂದೆ ಬಂದು ನಿಲ್ಲುತ್ತಿದ್ದವಳು ಯಾರು? ಖೋಲಿಯಲ್ಲಿ ಒಬ್ಬನೇ ಕೂತಿರಲು ನನಗೆ ಭಯವಾಯಿತು. ಬಾಂದ್ರಾಕ್ಕೆ ಹೋಗಿ ಮೇಷ್ಟ್ರಿಗೆ ಎಲ್ಲ ಹೇಳಿದೆ. ಅವರು, ಹೆಂಗಸರಿಗೆ ಹೆಂಗಸರ ಧ್ವನಿ ನೆನಪಿರುತ್ತದೆ, ಪಕ್ಕದ ಮನೆಯವರನ್ನೇ ಕೇಳಿ ಎಂದರು.

ಮರುದಿನ ಆಫೀಸಿಗೆ ರಜೆ ಹಾಕಿ ವೈನಿಯ ಬಾಗಿಲಿಗೆ ಹೋದೆ. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನೆಲ ನೋಡುತ್ತಾ ಕೇಳಿದೆ: ನನ್ನಾಕೆ ನನ್ನನ್ನು ಹೇಗೆ ಕರೆಯುತ್ತಿದ್ದಳು, ಒಮ್ಮೆ ಅಂದು ತೋರಿಸುವಿರಾ? ವೈನಿ ಮೊರ ಕೆಳಗಿಟ್ಟರು.

“ಅಂದು ತೋರಸೂದೇನದ? ನೀವು ಬಾರಿಸಿದ್ರಲ್ಲ, ಅದು ಅಕೀದೂ ಹೌದು. ಬಂದ ಹೊಸದಾಗಿ ಅಕಿಗೆ ಕರೀಲಿಕ್ಕೆ ನಾಚಿಕಿ. ಬಾಗಲದಾಗ ನಿಂತು ಕೈಯಾಗಿನ ಬಳಿ ಸಪ್ಪಳ ಮಾಡತಿದ್ಲಂತ. ನೀವು ಪೇಪರಿನಾಗಿಂದ ಕಣ್ಣ ತಗೀತಿರಲಿಲ್ಲಂತ. ಒಂದಿನ ಇಲ್ಲೇ ಕೂತು ಅತ್ಲು. ಹಂಗಾದ್ರ ಬಾಯಿಬಿಟ್ಟು ಕರಿಯವಾ ಅಂತ ನಾನ ಕಲಿಸಿದೆ. ನಾ ಅಂದಂಗನ ಅಂದು ಅಂದು ರೂಢಿ ಮಾಡಿಕೊಂಡ್ಲು. ಒಮ್ಮೊಮ್ಮೆ ನಮ್ಮವರೂ ಓ ಅಂತಿದ್ರು.”

ವೈನಿ ನನಗೆ ಸಮಾಧಾನವಾಗಲಿ ಎಂದೇ ಹೇಳಿದ್ದು. ಒಳಗೆ ಹೋಗಿ ನನಗೊಂದು ಲೋಟ ಮಜ್ಜಿಗೆಯನ್ನೂ ತಂದುಕೊಟ್ಟರು. ಕುಡಿದು, ಖೋಲಿಗೆ ಬಂದು ಕೂತೆ. ಆ ಬಳೆಯ ಸದ್ದನ್ನು ನೆನಪಿಸಿಕೊಳ್ಳಲು ನೋಡಿದೆ. ಒಂದೇ ಒಂದು ಸಲದ್ದಾದರೂ ಬರಲಿಲ್ಲ. ಮರೆತ ಧ್ವನಿ ಒಂದು ಕಾಲಕ್ಕೆ ಕಿವಿಗೆ ಬಿದ್ದದ್ದಾದರೂ ಆಗಿತ್ತು. ಇದು ಬಿದ್ದೇ ಇರಲಿಲ್ಲ. ಅವಳನ್ನು ಮಸಣಕ್ಕೆ ಕಳಿಸುವ ದಿನ ಹೆಂಗಸರು ಅವಳ ಎರಡೂ ಕೈತುಂಬ ಹಸಿರು ಗಾಜಿನ ಬಳೆ ತೊಡಿಸಿದರು. ಎತ್ತುವಾಗ ಅವೂ ಸದ್ದು ಮಾಡಿರಬೇಕು. ನಾನು ಗ್ಯಾಲರಿಯಲ್ಲಿ ಬೆನ್ನು ಹಾಕಿ, ಆಫೀಸಿನವರ ಜೊತೆ ಗಟ್ಟಿಯಾಗಿ ಮಾತಾಡುತ್ತಾ ನಿಂತಿದ್ದೆ.

ಗಿಟಾರನ್ನು ಮೇಷ್ಟ್ರಿಗೆ ಮರಳಿಸಿದೆ. ಅದಕ್ಕೆ ಸ್ವರ ಎಳೆಯಲು ಮಾತ್ರ ಬರುತ್ತದೆ. ಬಳೆಯ ಸದ್ದಿನಲ್ಲಿ ಎಳೆಯುವಂಥದ್ದೇನೂ ಇಲ್ಲ. ಮನೆಯವರು ಮತ್ತೆ ಮದುವೆಯಾಗು ಎಂದರು, ಆಗಲಿಲ್ಲ. ಚಾಳು ಬಿಟ್ಟು, ಊರು ಸುತ್ತಿ, ಈಗ ಬೇರೆ ಬಿಲ್ಡಿಂಗಿನಲ್ಲಿದ್ದೇನೆ. ಬೆಳಿಗ್ಗೆ ಪೇಪರ್ ಬಂದೊಡನೆ ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ತಿರುಗಿಸಿಕೊಂಡು ಕೂಡುತ್ತೇನೆ. ಎರಡು ಸಾಲು ಓದಿ ಕಣ್ಣೆತ್ತುತ್ತೇನೆ, ಮತ್ತೆರಡು ಸಾಲು ಓದಿ ಕಣ್ಣೆತ್ತುತ್ತೇನೆ.