ಶಿವಕಾಂತ ಕೇಳಿ ಹಾಕಿಸಿದ ಕುರ್ಚಿಗಳು

ಛತ್ರಪತಿ ಸಂಭಾಜಿನಗರದ ದೊಡ್ಡ ಆಸ್ಪತ್ರೆಯೊಂದರ ಎದುರಿನ ಗಲ್ಲಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ನೀರಿನ ಟ್ಯಾಂಕರ್ ಹಿಂದಕ್ಕೆ ಸರಿಯುತ್ತ ಒಳಗೆ ಬರುತ್ತಿದೆ. ಔಷಧಿ ಅಂಗಡಿಯ ಪಕ್ಕದ ಕೆಫೆಯ ಷಟರನ್ನು ಅರ್ಧ ಎತ್ತಿ, ಬಗ್ಗಿ ಒಳಹೋಗುವ ಶಿವಕಾಂತ ಧುಮ್ಮನಸೂರೆ ಮೊದಲು ಗ್ಯಾಸ್ ಹಚ್ಚುತ್ತಾರೆ, ಆಮೇಲೆ ದೀಪ. ಹಾಲು ಕಾಯುವಷ್ಟರಲ್ಲಿ ಮೇಜಿನ ಮೇಲೆ ಮಗುಚಿಟ್ಟ ಕುರ್ಚಿಗಳು ಕೆಳಗಿಳಿಯುತ್ತವೆ. ಶುಂಠಿ ಜಜ್ಜುವ ಹೊತ್ತಿಗೆ ಬಾಗಿಲಲ್ಲಿ ಜನ ನಿಂತಿರುತ್ತಾರೆ. ರಾತ್ರಿಯೆಲ್ಲ ವಾರ್ಡಿನ ಹೊರಗೆ ಕೂತು ಬಂದವರು.

ಕೊರಳಲ್ಲಿ ಆಸ್ಪತ್ರೆಯ ಪಾಸು ನೇತುಹಾಕಿಕೊಂಡ ತರುಣನೊಬ್ಬ ಕೋಲ್ಡ್ ಕಾಫಿ ಕೇಳುತ್ತಾನೆ. ಶಿವಕಾಂತ ತಂದಿಡುತ್ತಾರೆ. ಅವನು ಗ್ಲಾಸನ್ನು ಹಿಡಿದುಕೊಂಡೇ ಕೂರುತ್ತಾನೆ, ಬಾಯಿಗಿಡುವುದಿಲ್ಲ. ಸ್ವಲ್ಪ ಹೊತ್ತಿಗೆ ಶಿವಕಾಂತ ಅದರ ಪಕ್ಕ ಬಿಸಿ ಚಹಾ ಇಟ್ಟು, ಮರಾಠಿಯಲ್ಲಿ "ಘೇ ಬಾಳಾ", ತಗೋ ಮಗಾ, ಎನ್ನುತ್ತಾರೆ. ಹುಡುಗ ಚಹಾ ಕುಡಿಯುತ್ತಾನೆ.

"ಅವಗ ಕೋಲ್ಡ್ ಕಾಫಿ ಬೇಕಾಗಿರಲಿಲ್ರಿ," ಎಂದು ಆಮೇಲೆ ನನಗೆ ಹೇಳುತ್ತಾರೆ. "ಕಾಲೇಜಿನಾಗ ಅದೇ ಕುಡೀತಿದ್ದ, ಅದೇ ಬಾಯಿಗಿ ಬಂತು. ದವಾಖಾನಿ ಒಳಗ ಅವರಪ್ಪ ಮಲಗ್ಯಾರ. ನಿನ್ನಿ ತನಕ ಈ ಹುಡುಗ ಸಣ್ಣಾಂವ ಇದ್ದ ನೋಡ್ರಿ."

ಅರವತ್ತರ ಹತ್ತಿರದ ಶಿವಕಾಂತ ಬೀದರ್ ಜಿಲ್ಲೆಯ ಹುಮನಾಬಾದ್ ಕಡೆಯವರು. ನಾಸಿಕ್ ಬಳಿಯ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಸೋದರಮಾವನ ಬೆನ್ನು ಹತ್ತಿ ಮೀಸೆ ಮೂಡುವ ವಯಸ್ಸಿನಲ್ಲಿ ನಾಸಿಕ್ ಸೇರಿದವರು. ಕಾರ್ಖಾನೆಯಲ್ಲಿ ಕೆಲಸ ಸಿಗಲಿಲ್ಲ. ನಾಸಿಕ್‌ನ ಕಾಲೇಜ್ ರೋಡಿನ ಕೆಫೆಯೊಂದರಲ್ಲಿ ಕಪ್ಪು ತೊಳೆಯಲು ನಿಂತರು. ಮುಂದೆ ಮೇಜು ಒರೆಸಿದರು, ಆರ್ಡರ್ ತೆಗೆದುಕೊಂಡರು, ಕೊನೆಗೆ ಕಾಫಿ ಯಂತ್ರದ ಮುಂದೆ ನಿಂತರು. ಹೆಚ್ಚುಕಡಿಮೆ ಇಡೀ ಆಯುಷ್ಯ ಅಲ್ಲೇ ಕಳೆಯಿತು.

ಅಷ್ಟು ವರ್ಷ ಮಂದಿಯನ್ನು ನೋಡುತ್ತ ನಿಂತವರಿಗೆ ಅವರದೇ ಒಂದು ಲೆಕ್ಕಾಚಾರ ಇದೆ. "ಹರೇದಾಗ ಮೂಲಿ ಹುಡುಕ್ತಾರ್ರಿ, ಯಾರಿಗೂ ಕಾಣಬಾರದು. ಲಗ್ನ ಆದಮ್ಯಾಲ ಕಿಡಕಿ ಬಾಜೂಕ ಕೂಡ್ತಾರ, ಎಲ್ಲಾರೂ ನೋಡ್ಲಿ ಅಂತ. ಕೂಸು ಹುಟ್ಟಿತಂದ್ರ ಬಾಗಲ ಹತ್ರ ಬರ್ತಾರ, ಅತ್ರ ಹೊರಗ ಓಡಬೇಕಲ್ಲ. ವಯಸ್ಸಾದವರು ಮೊದಲ ಬಾತ್‌ರೂಮ್ ಎಲ್ಲಿ ಅದ ಅಂತ ಕೇಳ್ತಾರ, ಚಾ ಆಮ್ಯಾಲ." ನಗುತ್ತಾರೆ. ನಗು ಬೇಗ ಆರುತ್ತದೆ. "ನಮ್ಮ ತುಳಸೀನೂ ಹಂಗೇ ಇದ್ದಳ್ರಿ."

ತುಳಸಿ ಅವರ ಹೆಂಡತಿ. ಮದುವೆಯಾದ ಹೊಸದರಲ್ಲಿ ಆಕೆಗೆ ಕೆಫೆಯ ಮಹಡಿಯಲ್ಲಿ, ಗಾಜಿನ ಪಕ್ಕ ಕೂತು ಐಸ್‌ಕ್ರೀಮ್ ಹಾಕಿದ ಕೋಲ್ಡ್ ಕಾಫಿ ಕುಡಿಯುವ ಆಸೆ. ಕೆಲಸದವರ ಮನೆಯವರು ಗಿರಾಕಿಗಳ ಮೇಜಿಗೆ ಕೂರಬಾರದೆಂಬುದು ಅಲ್ಲಿನ ಮಾಲೀಕನ ಕಟ್ಟಪ್ಪಣೆ. ಒಂದು ದಿನ ಶಿವಕಾಂತ ಆಕೆಯನ್ನು ಹಿಂಬಾಗಿಲಿನಿಂದ ಕರೆತಂದು, ಪಾತ್ರೆ ತೊಳೆಯುವಲ್ಲಿ ಸೋಡಾ ಕ್ರೇಟಿನ ಮೇಲೆ ಕೂರಿಸಿ, ಸ್ಟೀಲ್ ಲೋಟದಲ್ಲಿ ಕೋಲ್ಡ್ ಕಾಫಿ ಕೊಟ್ಟರು. "ಹಸಿರು ಸೀರಿ ಉಟ್ಟು ಬಂದಿದ್ದಳು. ಸೆರಗಿಗಿ ನೀರು ಸಿಡೀತು. ಛಲೋ ಅದರಿ ಅಂತ ಪೂರಾ ಕುಡದ್ಳು."

ಮಗಳು ಶ್ರೀವಿದ್ಯಾ ಹುಟ್ಟಿದ ಮೇಲೆ ಆಕೆಗೆ ಮಹಡಿ ಬೇಡವಾಯಿತು. ಕೂಸು ಆಡುವಷ್ಟು ಜಾಗ, ತಲೆ ಮೇಲೊಂದು ಫ್ಯಾನು ಇದ್ದರೆ ಅದೇ ಒಳ್ಳೆಯ ಹೋಟೆಲು. ಮಗಳ ಮದುವೆ ಮುಗಿಯುವ ಹೊತ್ತಿಗೆ ತಣ್ಣಗಿನದನ್ನು ಹಲ್ಲು ತಡೆಯುತ್ತಿರಲಿಲ್ಲ. ಹಾಡಿನ ಗದ್ದಲವಿಲ್ಲದ ಕಡೆ, ಯಾರೂ ಏಳೆನ್ನದಂತೆ ತಾಸು ಹೊತ್ತು ಚಹಾ ಕುಡಿಯಬೇಕು ಅನ್ನುತ್ತಿದ್ದರು. ಪ್ರತಿ ಸಲವೂ ಶಿವಕಾಂತರದು ಒಂದೇ ಉತ್ತರ: ಸುಟ್ಟಿ ಸಿಕ್ಕ ದಿನ ಹೋಗೋಣ. ರಜೆ ಸಿಕ್ಕ ದಿನ ಅವರಿಗೆ ಕೆಫೆಯ ಮುಖ ನೋಡುವುದೇ ಬೇಡವಾಗಿರುತ್ತಿತ್ತು.

"ಮನಸ್ಸಿನಾಗ ಎಲ್ಲಾ ಕೆಫೇಕ್ಕೂ ಹೋಗಿ ಬಂದ್ಳು. ಖರೇ ಅಂದ್ರ ಒಂದಕ್ಕೂ ಹೋಗ್ಲಿಲ್ಲ."

ಆಮೇಲೆ ತುಳಸಿಯ ಮೂತ್ರಪಿಂಡಗಳು ಕೈಕೊಟ್ಟವು. ಅಳಿಯನಿಗೆ ಸಂಭಾಜಿನಗರದ ವಾಳೂಜ್‌ನ ಕಾರ್ಖಾನೆಯೊಂದರಲ್ಲಿ ಕೆಲಸ. ಆಕೆ ಮಗಳ ಮನೆಯಲ್ಲಿ ಉಳಿದು ಈ ಆಸ್ಪತ್ರೆಯಲ್ಲೇ ಡಯಾಲಿಸಿಸ್ ಮಾಡಿಸಿಕೊಳ್ಳತೊಡಗಿದರು. ನೌಕರಿ ಬಿಡಲಾಗದ ಶಿವಕಾಂತ ನಾಸಿಕ್‌ನಲ್ಲೇ ಉಳಿದು, ಬಿಡುವಾದಾಗ ಬಂದು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಡಯಾಲಿಸಿಸ್ ಮುಗಿಸಿ ಹೊರಬಂದಾಗ ತುಳಸಿಗೆ ನಿಲ್ಲಲಾಗಲಿಲ್ಲ. ಆಟೋ ಸಿಗುವವರೆಗೆ ಕೂರಲೆಂದು ತಾಯಿ ಮಗಳು ಇದೇ ಕೆಫೆಯ ಒಳಗೆ ಬಂದರು. ಆಗ ಇಲ್ಲಿದ್ದದ್ದು ಎತ್ತರದ ಸ್ಟೂಲುಗಳು ಮತ್ತು ಕಿಟಕಿ ಪಕ್ಕ ಒಂದು ಸೋಫಾ. ಸ್ಟೂಲು ಹತ್ತುವ ಶಕ್ತಿ ಆಕೆಗಿರಲಿಲ್ಲ. ಸೋಫಾ ನಾಲ್ಕೈದು ಜನ ಬಂದವರಿಗಷ್ಟೇ ಎಂದ ಕೌಂಟರಿನ ತರುಣ. ಸೋಫಾ ಖಾಲಿಯೇ ಇತ್ತು. ತುಳಸಿ ಹೊರಗೆ ಬಂದು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತರು.

"ಮಗಳು ಅಳಕೋತ ಫೋನ್ ಮಾಡಿದಾಗ ನಾ ನಾಸಿಕ್‌ನಾಗ ಯಾರದೋ ವಾಢದಿವಸದ ಟೇಬಲ್ ಹಚ್ಚಲತ್ತಿದ್ದೆ," ಎನ್ನುತ್ತಾರೆ ಶಿವಕಾಂತ. ಯಾರದೋ ಹುಟ್ಟುಹಬ್ಬ. "ಬಲೂನ್ ಕೈಯಾಗೇ ಇತ್ತು."

ಆ ಮಳೆಗಾಲದಲ್ಲಿ ತುಳಸಿ ತೀರಿಕೊಂಡರು. ದಿನಕರ್ಮಗಳೆಲ್ಲ ಮುಗಿದ ಮೇಲೆ ಶಿವಕಾಂತ ನಾಸಿಕ್‌ನ ಕೆಲಸ ಬಿಟ್ಟು ಮಗಳ ಮನೆಗೆ ಬಂದರು. ಬಂದವರೇ ಈ ಕೆಫೆಯ ಮಾಲೀಕ ಸುಧೀರನ ಮುಂದೆ ನಿಂತು ಕೆಲಸ ಕೇಳಿದರು. ಕಾರಣ ಹೇಳಲಿಲ್ಲ.

ಸುಧೀರ ಮೂವತ್ತೈದರ ಮರಾಠಿ ತರುಣ. "ಕಾಕಾ ಏನೂ ಹೇಳದೆ ತಿಂಗಳುಗಟ್ಟಲೆ ಕೆಲಸ ಮಾಡಿದರು," ಎನ್ನುತ್ತಾನೆ ಮರಾಠಿಯಲ್ಲಿ. "ಒಂದು ದಿನ ಮುದುಕಿಯೊಬ್ಬಳು ಸ್ಟೂಲು ನೋಡಿ ವಾಪಸ್ ಹೊರಟಳು. ಕಾಕಾ ಆಕೆಯ ಕೈ ಹಿಡಿದು ಸೋಫಾದಲ್ಲಿ ಕೂರಿಸಿದರು. ನಾನು ಬೈದೆ. ಆಗ ಹೇಳಿದರು, ನನ್ನ ಹೆಂಡತಿ ಇಲ್ಲಿಗೆ ಬಂದಿದ್ದಳು ಅಂತ. ಆವತ್ತು ಕೌಂಟರಿನಲ್ಲಿ ಇದ್ದವನು ನಾನೇ."

ಸ್ಟೂಲು ತೆಗೆದು ಕುರ್ಚಿ ಹಾಕಿಸೆಂದು ಶಿವಕಾಂತ ಆಗ ಕೇಳಿದರು. ಮರುವಾರ ಸ್ಟೂಲುಗಳು ಹೋದವು. ಕೈಯೂರಿ ಏಳಲು ಬರುವಂಥ ತಗ್ಗಿನ ಕುರ್ಚಿಗಳು ಬಂದವು. ಹಾಡು ನಿಂತಿತು. ಈಗ ಇಲ್ಲಿ ಕೋಲ್ಡ್ ಕಾಫಿಯ ಜೊತೆ ಉಪ್ಪು ಕಡಿಮೆಯ ಖಿಚಡಿ, ಸಕ್ಕರೆಯಿಲ್ಲದ ಚಹಾ ಸಿಗುತ್ತವೆ. ಏನೂ ಕೊಳ್ಳದೆ ಕೂತವರನ್ನು ಯಾರೂ ಏಳಿಸುವುದಿಲ್ಲ.

ಆದರೆ ಶ್ರೀವಿದ್ಯಾ ಈ ಕೆಫೆಯ ಒಳಗೆ ಕಾಲಿಡುವುದಿಲ್ಲ. ಮಧ್ಯಾಹ್ನ ಅಪ್ಪನಿಗೆ ಊಟದ ಡಬ್ಬಿ ತಂದು ಗಲ್ಲಿಯ ತುದಿಯಲ್ಲೇ ನಿಲ್ಲುತ್ತಾರೆ. ಡಬ್ಬಿ ಕೈ ಬದಲಾಗುತ್ತದೆ, ಮಾತು ಕಡಿಮೆ.

"ಪಪ್ಪಾಗ ಸಗಳ್ಯಾ ಗಾಂವದಾಗ ಇದೊಂದೇ ಜಾಗಾ ಸಿಕ್ತಾ ಅಂತ ಕೇಳ್ದೆ," ಎನ್ನುತ್ತಾರೆ ಆಕೆ. ನಾಸಿಕ್‌ನಲ್ಲೇ ಬೆಳೆದವರ ಕನ್ನಡದಲ್ಲಿ ಮರಾಠಿ ಬೆರೆತಿದೆ: ಸಗಳ್ಯಾ ಗಾಂವ ಅಂದರೆ ಇಡೀ ಊರು, ಆಯಿ ಅಂದರೆ ಅವ್ವ. "ಕುರ್ಚಿ ಛಲೋ ಅವ ಅಂತಾರ ಮಂದಿ. ಇರಬಹುದು. ನಮ್ಮ ಆಯಿಗಿ ಅದರಿಂದ ಏನ್ ಬಂತ್ರಿ?" ಉತ್ತರಕ್ಕೆ ಕಾಯದೆ ಸ್ಕೂಟಿ ತಿರುಗಿಸುತ್ತಾರೆ.

ಶಿವಕಾಂತ ಮಗಳ ಮೇಲೆ ಬೇಸರ ಮಾಡಿಕೊಂಡಿಲ್ಲ. "ಆಕಿ ಅನ್ನೂದು ಖರೇ ಅದ. ಆಕಿ ಅವ್ವನ ಕೈ ಹಿಡಕೊಂಡು ಇದ್ದಳು, ನಾ ಇರಲಿಲ್ಲ," ಎಂದು ಡಬ್ಬಿಯನ್ನು ಒಲೆಯ ಬಳಿ ಬೆಚ್ಚಗಿಡುತ್ತಾರೆ. ಮೂರನೇ ಮೇಜಿನಿಂದ ಯಾರೋ ಕರೆಯುತ್ತಾರೆ. ಹೋಗಿ ಬರುತ್ತಾರೆ.

ನಿಮಗೆ ಇನ್ನೇನು ಆಗಬೇಕಿದೆ ಎಂದು ಹೊರಡುವ ಮುಂಚೆ ಕೇಳುತ್ತೇನೆ. ಹೆಗಲ ಮೇಲಿನ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ ಅವರು ಗಲ್ಲಿಯ ತುದಿಯತ್ತ ನೋಡುತ್ತಾರೆ.

"ಒಳಗ ಬಂದವರ ಮಾರಿ ನೋಡಿದ್ರ ಅವರಿಗಿ ಏನ್ ಬೇಕು ಅಂತ ತಿಳೀತದರಿ ನನಗ. ನಮ್ಮ ವಿದ್ಯಾಗ ಈಗ ಏನ್ ಸೇರ್ತದ, ಅದೇ ತಿಳೀದು. ಸಣ್ಣಾಕಿದ್ದಾಗ ಬೋರ್ನವಿಟಾ ಕುಡೀತಿದ್ದಳು. ಆಮ್ಯಾಲ ನಾ ಕೇಳೇ ಇಲ್ಲ," ಎನ್ನುತ್ತಾರೆ. "ಒಂದಿನ ಬಂದು ಕೂತ್ರ ಕೇಳ್ತೀನ್ರಿ, ಏನ್ ತರ್ಲವ್ವಾ ಅಂತ."